ಬೆಳಕು ಇಳಿಯುವಷ್ಟು ಆಳ

ಶಿರಸಿ ಸೀಮೆಯ ಅಡಿಕೆ ಮನೆಯೊಂದರ ಜಗಲಿಯಲ್ಲಿ ನಡೆದ ಮಾತಿದು. ದೊಡ್ಡಪ್ಪ ಬಾಯಿ, ದವಡೆಯ ಕ್ಯಾನ್ಸರ್ ಕುಯ್ಯುವುದರಲ್ಲೇ ತಲೆ ನರೆಸಿಕೊಂಡ ಶಸ್ತ್ರವೈದ್ಯರು, ಈಗ ನಿವೃತ್ತರು. ಮಗಳು ಅಂದರೆ ಅವರ ತಮ್ಮನ ಮಗಳು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಬೆಳಕಿನ ಉಪಕರಣ ಕಟ್ಟುವ ಎಂಜಿನಿಯರ್. ಮುಂದಿನ ತಿಂಗಳು ಊರಿನಲ್ಲೊಂದು ಬಾಯಿ ತಪಾಸಣೆಯ ಶಿಬಿರ ಮಾಡಬೇಕೆಂದು ಅವಳು ಬಂದಿದ್ದಳು. ದೊಡ್ಡಪ್ಪ ಒಪ್ಪಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ನಾನು ನೆಂಟ. ಅವರಿಬ್ಬರ ನಡುವೆ ಮಾತಿಗೆ ಜಾಗ ಸಿಕ್ಕಿದ್ದು ಕಡಿಮೆ.

ಮಗಳು: ದೊಡ್ಡಪ್ಪ, ಆ ಟಾರ್ಚು ಕೊಡಿ ಇಲ್ಲಿ. ಬೆರಳಿನ ಕೆಳಗೆ ಹಿಡಿದೆ, ನೋಡಿ. ಹಾಕಿದ್ದು ಬಿಳಿ ಬೆಳಕು, ಮೇಲೆ ಬಂದದ್ದು ಕೆಂಪು. ನೀಲಿ, ಹಸಿರನ್ನೆಲ್ಲ ರಕ್ತ ನುಂಗಿತು. ಕೆಂಪು ದಾಟಿತು. ಬೆಳಕಿನ ಚಿಕಿತ್ಸೆ ಅನ್ನುವುದು ನಿಂತಿರುವುದೇ ಇದರ ಮೇಲೆ.

ದೊಡ್ಡಪ್ಪ: ಬೆರಳಿನೊಳಗಿನ ಮೂಳೆ ಕಂಡಿತಾ?

ಮಗಳು: ಇಲ್ಲ.

ದೊಡ್ಡಪ್ಪ: ಹಾಗಾದರೆ ಕೆಂಪು ದಾಟಲಿಲ್ಲ. ಒಳಗೆ ಹೋಗಿ ಚದುರಿ, ದಾರಿ ತಪ್ಪಿ, ಹೇಗೋ ಹೊರಗೆ ಬಿತ್ತು. ನಾನು ಬೇಡ ಅನ್ನುತ್ತಿಲ್ಲ. ಎಷ್ಟು ಆಳಕ್ಕೆ ಅಂತ ಕೇಳುತ್ತಿದ್ದೇನೆ.

ಮಗಳು: ಕೆಂಪು ಬೆಳಕಾದರೆ ಕೆಲವು ಮಿಲಿಮೀಟರ್. ಬಹಳ ಅಂದರೆ ಒಂದು ಸೆಂಟಿಮೀಟರ್ ಹತ್ತಿರ.

ದೊಡ್ಡಪ್ಪ: ನನ್ನ ಹತ್ತಿರ ಬಂದವರಿಗೆ ಗಡ್ಡೆ ದವಡೆಯ ಮೂಳೆ ಹಿಡಿದಿರುತ್ತಿತ್ತು. ಕೊರಳಲ್ಲಿ ಗಂಟು ಎದ್ದಿರುತ್ತಿತ್ತು. ಅವರಿಗೆ ಏನು ಮಾಡುತ್ತದೆ ನಿನ್ನ ಕೆಲವು ಮಿಲಿಮೀಟರ್?

ಮಗಳು: ಅವರಿಗಾಗಿ ಅಲ್ಲ ದೊಡ್ಡಪ್ಪ. ಅವರು ಆ ಹಂತಕ್ಕೆ ಬರುವ ಎರಡು ವರ್ಷ ಮೊದಲು ಬಾಯಲ್ಲಿ ಒಂದು ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಇತ್ತಲ್ಲ, ಅದಕ್ಕಾಗಿ.

ದೊಡ್ಡಪ್ಪ: ಆವಾಗ ಅವರು ಯಾರ ಹತ್ತಿರವೂ ಬರುವುದಿಲ್ಲ. ನೋಯದ ಮಚ್ಚೆಗೆ ಬಸ್ಸು ಹತ್ತಿ ಪೇಟೆಗೆ ಹೋಗುವವರು ಯಾರು?

(ಇಡೀ ಸಂಜೆಯ ಜಗಳ ಈ ಎರಡು ಮಾತಿನಲ್ಲೇ ಇತ್ತು ಅಂತ ನನಗೆ ಆಮೇಲೆ ಅನ್ನಿಸಿತು. ಆದರೆ ಅವರು ಅಷ್ಟು ಸುಲಭಕ್ಕೆ ಬಿಡುವವರಲ್ಲ.)

ಮಗಳು: ಚಿಕಿತ್ಸೆಯಿಂದಲೇ ಶುರು ಮಾಡೋಣ, ನಿಮಗೆ ಸಂಶಯ ಇರುವುದು ಅದರಲ್ಲೇ. ಇದು ಸುಟ್ಟು ತೆಗೆಯುವುದಲ್ಲ. ಲೇಸರ್ ಅಂದ ಕೂಡಲೇ ಜನ ಕತ್ತಿ ಅಂದುಕೊಳ್ಳುತ್ತಾರೆ. ಇಲ್ಲಿ ಮೂರು ಬೇಕು: ಬೆಳಕಿಗೆ ಸ್ಪಂದಿಸುವ ಒಂದು ಔಷಧ, ಅದಕ್ಕೆ ಹೊಂದುವ ಬಣ್ಣದ ಬೆಳಕು, ಅಂಗಾಂಶದಲ್ಲಿ ಇದ್ದೇ ಇರುವ ಆಮ್ಲಜನಕ. ಔಷಧಕ್ಕೆ ತಾನಾಗಿ ವಿಷವಿಲ್ಲ, ಬೆಳಕಿಗೂ ಇಲ್ಲ. ಎರಡೂ ಸೇರಿದ ಕಡೆ ಆಮ್ಲಜನಕ ಕೆರಳುತ್ತದೆ. ಆ ಕೆರಳಿದ ಆಮ್ಲಜನಕ ಹುಟ್ಟಿದಲ್ಲೇ ಸಾಯುತ್ತದೆ, ಒಂದು ಜೀವಕೋಶದ ಅಗಲವನ್ನೂ ದಾಟುವುದಿಲ್ಲ. ಬೆಳಕು ಎಲ್ಲಿ ಬಿತ್ತೋ ಅಲ್ಲಿ ಮಾತ್ರ ಕೆಲಸ.

ದೊಡ್ಡಪ್ಪ: ಇದು ಹೊಸದೇನಲ್ಲ. ತೊನ್ನಿಗೆ ಬಾಕುಚಿ ಬೀಜ ಅರೆದು ಹಚ್ಚಿ ಬಿಸಿಲಲ್ಲಿ ಕೂರಿಸುತ್ತಿದ್ದರು. ಬೀಜ ಒಂದೇ ಸಾಲದು, ಬಿಸಿಲು ಒಂದೇ ಸಾಲದು. ಫಿನ್ಸೆನ್‌ಗೆ ನೊಬೆಲ್ ಬಂದದ್ದು 1903ರಲ್ಲಿ, ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟದ್ದಕ್ಕೆ. ನೂರಿಪ್ಪತ್ತು ವರ್ಷ ಆಯಿತು. ಅಷ್ಟು ಒಳ್ಳೆಯದಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಕತ್ತಿ ತುಕ್ಕು ಹಿಡಿಯಬೇಕಿತ್ತಲ್ಲ?

ಮಗಳು: ಫಿನ್ಸೆನ್ ಹಚ್ಚಿದ್ದು ಬರೀ ಬೆಳಕು. ಔಷಧ, ಬೆಳಕು ಎರಡೂ ಸೇರಿದರೆ ಕೊಲ್ಲುತ್ತದೆ ಅಂತ ಕಂಡದ್ದು ಮ್ಯೂನಿಕ್‌ನಲ್ಲಿ, ಒಬ್ಬ ವಿದ್ಯಾರ್ಥಿಗೆ. ಆಸ್ಕರ್ ರಾಬ್ ಅಂತ. ಪ್ಯಾರಮೀಸಿಯಂಗೆ ಅಕ್ರಿಡಿನ್ ಬಣ್ಣ ಹಾಕಿ ಎಷ್ಟು ಹೊತ್ತಿಗೆ ಸಾಯುತ್ತವೆ ಅಂತ ನೋಡುತ್ತಿದ್ದ. ಒಂದು ದಿನದ ಲೆಕ್ಕ ಇನ್ನೊಂದು ದಿನಕ್ಕೆ ತಾಳೆಯಾಗಲಿಲ್ಲ. ಒಂದು ದಿನ ಹೊರಗೆ ಗುಡುಗು, ಮೋಡ, ಕೋಣೆ ಕತ್ತಲು. ಅಷ್ಟೇ ವ್ಯತ್ಯಾಸ. 1900ರಲ್ಲಿ ಪ್ರಕಟಿಸಿದ.

ದೊಡ್ಡಪ್ಪ: ಮೋಡ ಮುಚ್ಚಿದ್ದಕ್ಕೆ ಪ್ರಯೋಗ ಕೆಟ್ಟಿತು ಅನ್ನದೆ, ಮೋಡವನ್ನೇ ಲೆಕ್ಕಕ್ಕೆ ತಂದನಲ್ಲ. ಅದು ಬುದ್ಧಿ. ಆದರೆ ಮೆಯರ್-ಬೆಟ್ಸ್ ಕತೆಯನ್ನೂ ಹೇಳು. ಅದನ್ನು ಬಿಟ್ಟು ಹೇಳಬಾರದು.

ಮಗಳು: ನೀವೇ ಹೇಳಿ.

ದೊಡ್ಡಪ್ಪ: ಫ್ರೀಡ್ರಿಕ್ ಮೆಯರ್-ಬೆಟ್ಸ್, ಜರ್ಮನಿಯ ವೈದ್ಯ. 1912ರಲ್ಲಿ ಹೆಮಟೋಪಾರ್ಫಿರಿನ್ 200 ಮಿಲಿಗ್ರಾಂ ತನಗೆ ತಾನೇ ಚುಚ್ಚಿಕೊಂಡ. ನೆರಳಲ್ಲಿ ಇದ್ದಷ್ಟು ಹೊತ್ತು ಏನೂ ಆಗಲಿಲ್ಲ. ಬಿಸಿಲಿಗೆ ಹೋದ ಮೇಲೆ ಮುಖ ಗುರುತೇ ಸಿಗದ ಹಾಗೆ ಊದಿತು. ವಾರಗಟ್ಟಲೆ ಬಿಸಿಲು ಕಂಡರೆ ಆಗುತ್ತಿರಲಿಲ್ಲ. ಈಗ ನೀನು ಹೇಳು: ಅದೇ ಜಾತಿಯ ನಿಮ್ಮ ಔಷಧ ಫೋಟೋಫ್ರಿನ್ ಕೊಟ್ಟವರಿಗೆ ಏನು ಹೇಳಿ ಕಳಿಸುತ್ತಾರೆ?

ಮಗಳು: ಕನಿಷ್ಠ ಮೂವತ್ತು ದಿನ ಬಿಸಿಲಿಗೆ ಬೀಳಬೇಡಿ ಅಂತ.

ದೊಡ್ಡಪ್ಪ: ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಹೇಳು ಹೋಗು ಅದನ್ನು. ಕೂಲಿಗೆ ಹೋಗುವವನಿಗೆ ಹೇಳು. ಮಗು ಎತ್ತಿಕೊಂಡು ತೋಟಕ್ಕೆ ಹೋಗುವ ಹೆಂಗಸಿಗೆ ಹೇಳು.

ಮಗಳು: ಅದು ಹಳೆಯ ಔಷಧ ದೊಡ್ಡಪ್ಪ. ಈಗ ಬಾಯಿಗೆ ಬಳಸುತ್ತಿರುವುದು ಅಮೈನೋ ಲೆವುಲಿನಿಕ್ ಆಮ್ಲ, ಚಿಕ್ಕದಾಗಿ ಎಎಲ್‌ಎ. ರಕ್ತದ ಹೀಮ್ ತಯಾರಾಗುವ ದಾರಿಯಲ್ಲಿ ನಮ್ಮ ದೇಹವೇ ಮಾಡಿಕೊಳ್ಳುವ ವಸ್ತು. ಹೊರಗಿನಿಂದ ಹೆಚ್ಚು ಕೊಟ್ಟರೆ ಗಡ್ಡೆಯ ಕೋಶಗಳು ಅದನ್ನು ಪ್ರೋಟೋಪಾರ್ಫಿರಿನ್ ಮಾಡಿ ಅಲ್ಲೇ ಶೇಖರಿಸಿಕೊಳ್ಳುತ್ತವೆ, ಮುಂದಿನ ಹಂತಕ್ಕೆ ಬೇಗ ಹೋಗುವುದಿಲ್ಲ. ಒಂದೆರಡು ದಿನದಲ್ಲಿ ದೇಹದಿಂದ ಹೋಗುತ್ತದೆ. ಮನೆಯೊಳಗೆ ಎರಡು ದಿನ ಇರಿ ಅಂದರೆ ಸಾಕು. ನೀಲಿ ಬೆಳಕು ಬಿಟ್ಟರೆ ಆ ಪ್ರೋಟೋಪಾರ್ಫಿರಿನ್ ಕೆಂಪಗೆ ಹೊಳೆಯುತ್ತದೆ, ಕೆಂಪು ಬೆಳಕು ಬಿಟ್ಟರೆ ಕೊಲ್ಲುತ್ತದೆ. ತೋರಿಸುವುದೂ ಅದೇ, ಮುಗಿಸುವುದೂ ಅದೇ.

ದೊಡ್ಡಪ್ಪ: ಎಲ್ಲಿ ಮಾಡಿದ್ದಾರೆ? ಬಾಸ್ಟನ್ನಿನಲ್ಲಾ?

ಮಗಳು: ಅಲಿಗಢದಲ್ಲಿ.

(ದೊಡ್ಡಪ್ಪ ಎಲೆಯಡಿಕೆ ಕವಳದ ತಟ್ಟೆ ದೂಡಿ ನೆಟ್ಟಗೆ ಕೂತರು.)

ಮಗಳು: ಯಂತ್ರ ಕಟ್ಟಿದವರು ಬಾಸ್ಟನ್ನಿನವರು, ಮಾಡಿ ನೋಡಿದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ. ಗುಟ್ಕಾ, ತಂಬಾಕು ಜಗಿಯುವ ಸೀಮೆ ಅದು. ರೋಗಿಗೆ ಎಎಲ್‌ಎ ಕರಗಿಸಿ ಕುಡಿಯಲು ಕೊಡುತ್ತಾರೆ. ಕೆಲವು ಗಂಟೆ ಕಾಯುತ್ತಾರೆ. ಮೊಬೈಲ್ ಕ್ಯಾಮೆರಾಕ್ಕೆ ನೀಲಿ ಎಲ್‌ಇಡಿ ಕೂರಿಸಿ ಚಿತ್ರ ತೆಗೆದರೆ ಗಡ್ಡೆ ಎಲ್ಲಿಂದ ಎಲ್ಲಿಯವರೆಗೆ ಅಂತ ಕೆಂಪಗೆ ಕಾಣುತ್ತದೆ. ಆಮೇಲೆ ಕೆಂಪು ಬೆಳಕನ್ನು ಸಣ್ಣ ಕೊಳವೆಯಲ್ಲಿ ಬಾಯೊಳಗೆ ತಂದು ಅಲ್ಲಿಗೆ ಮಾತ್ರ ಬಿಡುತ್ತಾರೆ. ಲೇಸರ್ ಅಲ್ಲ, ಬ್ಯಾಟರಿಯಲ್ಲಿ ಓಡುವ ಎಲ್‌ಇಡಿ. ಕರೆಂಟ್ ಹೋದರೂ ನಡೆಯುತ್ತದೆ. ಬೆಳಕು ಬಿಟ್ಟ ಮೇಲೆ ಮತ್ತೆ ಚಿತ್ರ ತೆಗೆದರೆ ಕೆಂಪು ಹೊಳಪು ಇಳಿದಿರುತ್ತದೆ. ಔಷಧ ಖರ್ಚಾಗಿದೆ ಅಂತ ಅರ್ಥ. ಮೊದಲ ಹಂತದ ಸಣ್ಣ ಗಡ್ಡೆ ಇರುವವರಿಗೆ ಮಾತ್ರ ಮಾಡಿದ್ದು. ವಾಸಿಯಾದ ಮೇಲೆ ಬಾಯಲ್ಲಿ ಗಾಯದ ಕಲೆ ಹೆಚ್ಚುಕಡಿಮೆ ಇರುವುದೇ ಇಲ್ಲ.

ದೊಡ್ಡಪ್ಪ: ಒಳ್ಳೆಯ ಕೆಲಸ. ನಿಜವಾಗಿ ಹೇಳುತ್ತಿದ್ದೇನೆ. ಆದರೆ ಸಣ್ಣ ಗಡ್ಡೆಯನ್ನು ನಾನೂ ಅರ್ಧ ಗಂಟೆಯಲ್ಲಿ ತೆಗೆಯುತ್ತೇನೆ. ತೆಗೆದದ್ದನ್ನು ಬಾಟಲಿಗೆ ಹಾಕಿ ಪೆಥಾಲಜಿಗೆ ಕಳಿಸುತ್ತೇನೆ. ಅವರು ನಾಲ್ಕೂ ಅಂಚು ನೋಡಿ ಹೇಳುತ್ತಾರೆ: ಈ ಕಡೆ ಸ್ವಚ್ಛ, ಆ ಕಡೆ ಇನ್ನೂ ಇದೆ, ಇಷ್ಟು ಮಿಲಿಮೀಟರ್ ಆಳ. ಆ ಆಳ ನೋಡಿಕೊಂಡೇ ಕೊರಳಿಗೆ ಕೈ ಹಾಕಬೇಕೋ ಬೇಡವೋ ಅಂತ ನಿರ್ಧಾರ. ನೀನು ಬೆಳಕು ಬಿಟ್ಟು ಕರಗಿಸಿಬಿಟ್ಟರೆ ಪೆಥಾಲಜಿಗೆ ಕಳಿಸುವುದಕ್ಕೆ ಏನಿದೆ? ತಳದಲ್ಲಿ ಒಂದು ಮಿಲಿಮೀಟರ್ ಉಳಿದಿದ್ದರೆ ಮೇಲೆ ಚೆನ್ನಾಗಿ ಮಾಯ್ದು, ಕೆಳಗೆ ಬೆಳೆಯುತ್ತಿರುತ್ತದೆ.

ಮಗಳು: ಮೊದಲೇ ಬಯಾಪ್ಸಿ ಮಾಡಿರುತ್ತಾರೆ.

ದೊಡ್ಡಪ್ಪ: ಬಯಾಪ್ಸಿ ಅಂದರೆ ಒಂದು ಚೂರು. ಇಡೀ ಗಡ್ಡೆಯ ಜಾತಕ ಅಲ್ಲ.

ಮಗಳು: ಸರಿ, ಅದು ಬೆಳಕಿನ ಕೊರತೆ, ಒಪ್ಪಿದೆ. ಈಗ ನಿಮ್ಮ ಕತ್ತಿಯ ಕೊರತೆ. ಬಾಯಿಯ ಈ ರೋಗ ಒಂದು ಕಡೆ ಬಂದು ಹೋಗುವುದಲ್ಲ ಅಂತ ಹೇಳಿಕೊಟ್ಟವರೇ ನೀವು. ಇಪ್ಪತ್ತು ವರ್ಷ ತಂಬಾಕು ನೆನೆದ ಬಾಯಿ, ಇಡೀ ಗದ್ದೆಗೇ ಬೀಜ ಬಿದ್ದಿದೆ ಅನ್ನುತ್ತಿದ್ದಿರಿ. ಈ ಕೆನ್ನೆಯಲ್ಲಿ ತೆಗೆದಿರಿ, ಎರಡು ವರ್ಷಕ್ಕೆ ನಾಲಿಗೆಯ ಬದಿಗೆ ಬಂತು. ಮತ್ತೆ ಕುಯ್ದಿರಿ. ಮೂರನೆಯ ಸಲಕ್ಕೆ ಕುಯ್ಯಲು ಏನು ಉಳಿದಿರುತ್ತದೆ? ರೇಡಿಯೇಷನ್ ಒಂದು ಜಾಗಕ್ಕೆ ಪೂರ್ತಿ ಕೊಟ್ಟ ಮೇಲೆ ಅದೇ ಜಾಗಕ್ಕೆ ಮತ್ತೆ ಕೊಡುವುದು ಕಷ್ಟ. ಬೆಳಕನ್ನು ಮತ್ತೆ ಮತ್ತೆ ಕೊಡಬಹುದು. ಅದು ಲೆಕ್ಕ ಕೂಡಿಡುವುದಿಲ್ಲ.

(ಇದಕ್ಕೆ ಅವರು ತಕ್ಷಣ ಉತ್ತರ ಕೊಡಲಿಲ್ಲ. ದವಡೆ ತೆಗೆದವರು ಆಮೇಲೆ ಹೇಗೆ ಊಟ ಮಾಡುತ್ತಾರೆ ಅಂತ ನಾನು ಕೇಳಿದೆ. ಗಂಜಿ, ಅಂದರು. ಮದುವೆಮನೆಗೆ ಹೋಗುವುದು ಬಿಡುತ್ತಾರೆ, ಅಂದರು. ಎಲ್ಲರೆದುರು ಗಂಜಿ ಸೋರುತ್ತದೆ ಅಂತ.)

ದೊಡ್ಡಪ್ಪ: ಮತ್ತೆ ಮತ್ತೆ ಕೊಡಬಹುದು ಅನ್ನುವುದು ಗಟ್ಟಿ ಮಾತು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆಳದ ಪ್ರಶ್ನೆ ಮಾತ್ರ ಅಲ್ಲೇ ಇದೆ.

ಮಗಳು: ಆಳಕ್ಕೂ ದಾರಿ ಹುಡುಕಿದ್ದಾರೆ. ಬೆಳಕು ಮೇಲಿನಿಂದ ಇಳಿಯದಿದ್ದರೆ ಬೆಳಕಿನ ಎಳೆಯನ್ನೇ ಗಡ್ಡೆಯೊಳಗೆ ಚುಚ್ಚಬಹುದು. ಜಪಾನಿನಲ್ಲಿ 2020ರಲ್ಲಿ ಅನುಮತಿ ಸಿಕ್ಕ ಚಿಕಿತ್ಸೆ ಅದೇ, ತಲೆ-ಕೊರಳಿನ ಕ್ಯಾನ್ಸರಿಗೆ, ಕುಯ್ಯಲು ಆಗದವರಿಗೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸಾತಾಕಾ ಕೊಬಾಯಾಶಿ ತಂಡ 2011ರಲ್ಲಿ ಇಲಿಗಳಲ್ಲಿ ತೋರಿಸಿದ್ದು. ಗಡ್ಡೆಯ ಕೋಶಕ್ಕೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಬೆಳಕಿಗೆ ಸ್ಪಂದಿಸುವ ಬಣ್ಣ ಕಟ್ಟುತ್ತಾರೆ. ಮಾರನೇ ದಿನ 690 ನ್ಯಾನೋಮೀಟರಿನ ಕೆಂಪು ಬೆಳಕು ಬಿಟ್ಟರೆ ಅಂಟಿಕೊಂಡ ಕೋಶದ ಪೊರೆ ಒಡೆಯುತ್ತದೆ. ಪಕ್ಕದ ಕೋಶ ಹಾಗೇ ಇರುತ್ತದೆ.

ದೊಡ್ಡಪ್ಪ: ಆ ಪ್ರತಿಕಾಯ ಬ್ಯಾಟರಿ ಎಲ್‌ಇಡಿಯಷ್ಟು ಅಗ್ಗವೋ?

ಮಗಳು: ಅಲ್ಲ. ಬಹಳ ದುಬಾರಿ.

ದೊಡ್ಡಪ್ಪ: ನೋಡು, ಅಗ್ಗದ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಆಳಕ್ಕೆ ಇಳಿಯುವ ಬೆಳಕು ಅಗ್ಗವಲ್ಲ.

ಮಗಳು: ಆಪರೇಷನ್ ಥಿಯೇಟರಿನಲ್ಲಿ ನಿಮ್ಮಂಥವರಿಗೇ ಬೆಳಕು ಸಹಾಯ ಮಾಡಿದೆ, ಅದನ್ನಾದರೂ ಒಪ್ಪಿ. ಮೆದುಳಿನ ಗ್ಲಯೋಮಾ ತೆಗೆಯುವಾಗ ಗಡ್ಡೆ ಎಲ್ಲಿ ಮುಗಿಯಿತು, ಮೆದುಳು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅದೇ ಎಎಲ್‌ಎ ಕುಡಿಸಿ, ಸೂಕ್ಷ್ಮದರ್ಶಕಕ್ಕೆ ನೀಲಿ ಬೆಳಕು ಹಾಕಿದರೆ ಗಡ್ಡೆ ಕೆಂಪಗೆ ಹೊಳೆಯುತ್ತದೆ. ಜರ್ಮನಿಯ ಸ್ಟುಮ್ಮರ್ ತಂಡ 2006ರಲ್ಲಿ ಪ್ರಕಟಿಸಿತು. ಮಾಮೂಲಿ ಬೆಳಕಲ್ಲಿ ಗಡ್ಡೆಯ ಕಾಣುವ ಭಾಗ ಪೂರ್ತಿ ತೆಗೆಯಲು ಆದದ್ದು ನೂರರಲ್ಲಿ 36 ಜನಕ್ಕೆ. ಹೊಳೆಯುವ ಬೆಳಕಲ್ಲಿ 65 ಜನಕ್ಕೆ.

ದೊಡ್ಡಪ್ಪ: ಆ ಲೇಖನ ನಾನೂ ಓದಿದ್ದೇನೆ. ಮುಂದಿನ ಸಾಲು ಯಾಕೆ ಬಿಟ್ಟೆ? ಆರು ತಿಂಗಳು ರೋಗ ಮರುಕಳಿಸದೆ ಇದ್ದವರು ಹೆಚ್ಚಾದರು, ನಿಜ. ಆದರೆ ಒಟ್ಟು ಬದುಕಿದ ಕಾಲದಲ್ಲಿ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿ ಕಂಡಿತು ಅಂದ ಮಾತ್ರಕ್ಕೆ ಹೆಚ್ಚು ಬದುಕಿದರು ಅಂತಾಗುವುದಿಲ್ಲ.

ಮಗಳು: ಆರು ತಿಂಗಳು ಅನ್ನುವುದು ಗ್ಲಯೋಮಾ ಬಂದವರಿಗೆ ಸಣ್ಣದಲ್ಲ ದೊಡ್ಡಪ್ಪ.

ದೊಡ್ಡಪ್ಪ: ಅದೂ ನಿಜವೇ.

(ಇಲ್ಲಿಯವರೆಗೆ ಇಬ್ಬರೂ ಓದಿದ್ದನ್ನು ಎಸೆದಾಡುತ್ತಿದ್ದರು. ಇನ್ನು ಶಿಬಿರದ ಮಾತು. ಅವಳು ಚೀಲದಿಂದ ಉಪಕರಣ ತೆಗೆದಳು: ಮೊಬೈಲಿಗೆ ಸಿಕ್ಕಿಸಿದ ಕಪ್ಪು ಡಬ್ಬಿ, ಮುಂದೆ ಬೆರಳಷ್ಟು ಉದ್ದದ ಮೂತಿ.)

ಮಗಳು: ಇದಕ್ಕೆ ಔಷಧ ಏನೂ ಬೇಡ. ನೀಲಿ ಬೆಳಕು ಬಿಟ್ಟರೆ ಬಾಯಿಯ ಆರೋಗ್ಯವಾದ ಪೊರೆ ತಾನಾಗಿ ತಿಳಿ ಹಸಿರು ಹೊಳೆಯುತ್ತದೆ. ಕೆಳಗಿನ ಕೊಲಾಜನ್, ಕೋಶದೊಳಗಿನ ಕೆಲವು ವಸ್ತುಗಳ ಹೊಳಪು ಅದು. ಕೆಡಲು ಶುರುವಾದ ಜಾಗದಲ್ಲಿ ಆ ಹೊಳಪು ಅಳಿಸಿ ಕಪ್ಪಗೆ ಕಾಣುತ್ತದೆ. ಬೆಂಗಳೂರಿನ ವೈದ್ಯರು, ದಂತವೈದ್ಯರು, ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಸೇರಿ ಹೀಗೇ ಮೊಬೈಲಿನ ಉಪಕರಣ ಕಟ್ಟಿ 2018ರಲ್ಲಿ ಪ್ರಕಟಿಸಿದ್ದಾರೆ. ಬಿಳಿ ಬೆಳಕಿನದೊಂದು ಚಿತ್ರ, ನೀಲಿ ಬೆಳಕಿನದೊಂದು. ದೂರದಲ್ಲಿ ಕೂತ ತಜ್ಞರು ನೋಡಬಹುದು, ಕಂಪ್ಯೂಟರೂ ನೋಡಬಹುದು.

ದೊಡ್ಡಪ್ಪ: ಹಲ್ಲು ಚುಚ್ಚಿ ಆದ ಹುಣ್ಣು ಹೇಗೆ ಕಾಣುತ್ತದೆ?

ಮಗಳು: ಅದೂ ಕಪ್ಪಗೇ.

ದೊಡ್ಡಪ್ಪ: ವಸಡು ಊದಿದ್ದರೆ?

ಮಗಳು: ಕಪ್ಪಗೆ. ಅಲ್ಲಿ ರಕ್ತ ಹೆಚ್ಚು, ರಕ್ತ ನೀಲಿಯನ್ನು ನುಂಗುತ್ತದೆ. ಆದರೆ ಒಂದು ಉಪಾಯ ಇದೆ. ಗಾಜಿನ ಪಟ್ಟಿಯಿಂದ ಮೆಲ್ಲಗೆ ಒತ್ತಿದರೆ ರಕ್ತ ಸರಿದು, ಬರೀ ಉರಿಯೂತವಾಗಿದ್ದರೆ ಹಸಿರು ಮತ್ತೆ ಬರುತ್ತದೆ. ಬರದಿದ್ದರೆ ಅನುಮಾನ ಪಡಬೇಕು.

ದೊಡ್ಡಪ್ಪ: ಚೆನ್ನಾಗಿದೆ. ಕವಳ ಹಾಕಿದ ಬಾಯಿಗೆ?

ಮಗಳು: ಬಾಯಿ ತೊಳೆಸಬೇಕು. ಕಲೆ ಉಳಿದರೆ ತೊಂದರೆ.

ದೊಡ್ಡಪ್ಪ: ಈ ಊರಲ್ಲಿ ಅರ್ಧ ಜನರ ಬಾಯಲ್ಲಿ ಕಲೆ ಇದೆ. ಇನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆ, ಗುಟ್ಕಾ ಜಗಿದು ಕೆನ್ನೆಯೊಳಗೆ ನಾರು ಕಟ್ಟಿ ಬಾಯೇ ತೆರೆಯದ ಹುಡುಗರು. ಆರೋಗ್ಯವಂತನ ಬಾಯೊಳಗೆ ಮೂರು ಬೆರಳು ನಿಲ್ಲಿಸಿ ಇಡಬಹುದು. ಇವರಿಗೆ ಒಂದೂವರೆ. ನಿನ್ನ ಮೂತಿ ಹೋಗುತ್ತದಾ ಅಲ್ಲಿ?

ಮಗಳು: ಕಷ್ಟ. ಮೂತಿ ಇನ್ನೂ ಸಪೂರ ಮಾಡಬೇಕು.

ದೊಡ್ಡಪ್ಪ: ಅತಿ ಹೆಚ್ಚು ಅಪಾಯ ಇರುವವರೇ ನಿನ್ನ ಯಂತ್ರಕ್ಕೆ ಬಾಯಿ ತೆರೆಯಲಾರದವರು. ಇದನ್ನು ಬರೆದುಕೋ. ಈಗ ನಾನು ಹೇಗೆ ನೋಡುತ್ತೇನೆ ಹೇಳಲಾ? ಎರಡು ಸ್ಟೀಲ್ ಚಮಚ, ಒಂದು ಟಾರ್ಚು, ಒಂದು ತುಂಡು ಗಾಜ್ ಬಟ್ಟೆ. ತುಟಿ ಮಗುಚಬೇಕು. ಒಂದು ಚಮಚದಿಂದ ಕೆನ್ನೆ ಎಳೆದು, ದವಡೆಗೂ ಕೆನ್ನೆಗೂ ನಡುವಿನ ಸಂದು ನೋಡಬೇಕು. ಹೊಗೆಸೊಪ್ಪು ಒತ್ತರಿಸಿ ಇಡುವುದು ಅಲ್ಲೇ. ಕೆಳಹಲ್ಲಿನ ಹಿಂದೆ ಮೂಲೆಗೆ ಹೋಗಬೇಕು, ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ. ಆಮೇಲೆ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಆ ಕಡೆ, ಈ ಕಡೆ ಎಳೆದು ಬದಿ ನೋಡಬೇಕು. ನಾಲಿಗೆ ಮೇಲೆತ್ತಿಸಿ ತಳ ನೋಡಬೇಕು. ಕೊನೆಗೆ ಬೆರಳು ಹಾಕಿ ಮುಟ್ಟಬೇಕು. ಗಟ್ಟಿ ಅಂಚು ಬೆರಳಿಗೆ ಗೊತ್ತಾಗುತ್ತದೆ, ಯಾವ ಬೆಳಕಿಗೂ ಗೊತ್ತಾಗುವುದಿಲ್ಲ. ಎರಡು ನಿಮಿಷದ ಕೆಲಸ.

ಮಗಳು: ನಿಮ್ಮ ಬೆರಳಿಗೆ ಗೊತ್ತಾಗುತ್ತದೆ. ಆ ಬೆರಳನ್ನು ಇನ್ನೊಂದು ಊರಿಗೆ ಕಳಿಸುವುದು ಹೇಗೆ? ಇದನ್ನು ಕಳಿಸಬಹುದು.

ದೊಡ್ಡಪ್ಪ: ಕಲಿಸಿದರೆ ಬೆರಳೂ ಹೋಗುತ್ತದೆ. ತಿರುವನಂತಪುರದಲ್ಲಿ ಶಂಕರನಾರಾಯಣನ್ ತಂಡ 1996ರಲ್ಲಿ ಶುರು ಮಾಡಿದ್ದು ಅದನ್ನೇ. ಡಾಕ್ಟರುಗಳಲ್ಲ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚು ಹಿಡಿದು ಬಾಯಿ ನೋಡಿದರು. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು: ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಇಳಿಯಿತು. ನೀನು ಹೇಳಿದ ಯಾವ ನೀಲಿ ಬೆಳಕು ಇಂಥ ಲೆಕ್ಕ ತೋರಿಸಿದೆ?

ಮಗಳು: ಯಾವುದೂ ಇಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಟಾರ್ಚಿಗೆ ಅನುಮಾನ ಅಂತ ಸಿಕ್ಕಿದವರು 5145 ಜನ. ಹೇಳಿದ ಕಡೆಗೆ ಹೋಗಿ ತೋರಿಸಿಕೊಂಡವರು 3218. ಸುಮಾರು ಎರಡು ಸಾವಿರ ಜನ ಹೋಗಲೇ ಇಲ್ಲ. ಯಾಕೆ ಹೋಗಲಿಲ್ಲ ಗೊತ್ತಾ? ನೋವಿಲ್ಲ, ಏನೂ ಕಾಣುವುದಿಲ್ಲ, ಯಾರೋ ಬಂದು ಇಣುಕಿ ಹೋಗು ಅಂದರು. ನನ್ನ ಮೊಬೈಲಿನಲ್ಲಿ ಅವರ ಬಾಯಿಯನ್ನು ಅವರಿಗೇ ತೋರಿಸಿದರೆ, ಸುತ್ತ ಹಸಿರು ನಡುವೆ ಕಪ್ಪು ಕಂಡರೆ, ಆವಾಗ ಬಸ್ಸು ಹತ್ತುತ್ತಾರೆ.

ದೊಡ್ಡಪ್ಪ: ಅದು ನಿನ್ನ ಊಹೆ.

ಮಗಳು: ಊಹೆಯೇ. ಅದಕ್ಕೇ ಶಿಬಿರ ಮಾಡಬೇಕು ಅನ್ನುತ್ತಿರುವುದು.

ದೊಡ್ಡಪ್ಪ: ಕಪ್ಪು ತೋರಿಸಿ ಹೆದರಿಸಿದ ಹತ್ತು ಜನರಲ್ಲಿ ಎಂಟು ಜನರದ್ದು ಹಲ್ಲು ಚುಚ್ಚಿದ ಹುಣ್ಣಾದರೆ? ಒಂದು ಸಲ ಸುಮ್ಮನೆ ಹೋಗಿ ಬಂದವನು ಮುಂದಿನ ಸಲ ಹೋಗುವುದಿಲ್ಲ. ಊರಲ್ಲಿ ಹೇಳಿಕೊಂಡೂ ತಿರುಗುತ್ತಾನೆ, ಆ ಯಂತ್ರ ಎಲ್ಲರಿಗೂ ಕ್ಯಾನ್ಸರ್ ಅನ್ನುತ್ತದೆ ಅಂತ.

ಮಗಳು: ಇನ್ನೂ ಸೂಕ್ಷ್ಮವಾದ ಬೆಳಕು ಬೇಕಾದರೆ ರಾಮನ್ ಇದ್ದಾರೆ. 1928ರಲ್ಲಿ ಕಲ್ಕತ್ತದಲ್ಲಿ ಮೊದಲು ಕಂಡದ್ದು ಬಿಸಿಲು, ಬಣ್ಣದ ಸೋಸುಗಾಜು, ಬರಿಗಣ್ಣು ಇಷ್ಟರಲ್ಲೇ. ಅಣುವಿಗೆ ಬಡಿದು ಬರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣ ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಅಣುವಿನ ಗುರುತು ಹೊತ್ತುಕೊಂಡು. ಮಾಂಟ್ರಿಯಲ್‌ನವರು 2015ರಲ್ಲಿ ಪೆನ್ನಿನಂಥ ರಾಮನ್ ಸಲಾಕೆಯನ್ನು ಮೆದುಳಿಗೆ ಮುಟ್ಟಿಸಿ, ಆಪರೇಷನ್ ನಡುವೆಯೇ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಿದರು. ನವಿ ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ಪ್ರಯೋಗಾಲಯದಲ್ಲಿ ಬಾಯಿ ಕ್ಯಾನ್ಸರಿಗೇ ವರ್ಷಗಳಿಂದ ಇದನ್ನು ಪ್ರಯತ್ನಿಸುತ್ತಿದ್ದಾರೆ. ಮಣಿಪಾಲದಲ್ಲೂ ಲೇಸರ್ ಇಟ್ಟುಕೊಂಡು ಇಂಥ ಕೆಲಸ ನಡೆದಿದೆ.

ದೊಡ್ಡಪ್ಪ: ಕೋಟಿಗೊಂದು ಕಣ ಹಿಡಿಯುವ ಯಂತ್ರ ಜೀಪಿನಲ್ಲಿ ಕುಲುಕಿಕೊಂಡು ಬರುತ್ತದಾ?

ಮಗಳು: ಈಗಲೇ ಇಲ್ಲ.

(ನನಗೆ ಒಂದು ಮಾತು ಹೇಳಬೇಕೆನಿಸಿತು, ಹೇಳಿದೆ: ದೇಶದಲ್ಲಿ 2022ರ ಒಂದೇ ವರ್ಷ ತುಟಿ, ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದವರು 1 ಲಕ್ಷ 43 ಸಾವಿರಕ್ಕೂ ಹೆಚ್ಚು ಅಂತ ಜಾಗತಿಕ ಅಂದಾಜು. ಸತ್ತವರು ಸುಮಾರು 80 ಸಾವಿರ. ನೀವು ಯಾವ ಬೆಳಕು ಅಂತ ಜಗಳ ಆಡುತ್ತಿದ್ದೀರಿ, ಕಾರಣ ಇಲ್ಲೇ ತಟ್ಟೆಯಲ್ಲಿ ಇದೆಯಲ್ಲ? ತಟ್ಟೆಯಲ್ಲಿ ಎಲೆ, ಸುಣ್ಣ, ಹೋಳು ಮಾಡಿದ ಅಡಿಕೆ. ಹೊಗೆಸೊಪ್ಪು ಇರಲಿಲ್ಲ.)

ದೊಡ್ಡಪ್ಪ: ಹೊಗೆಸೊಪ್ಪು ನಾನು ಮುಟ್ಟುವುದಿಲ್ಲ. ಊರವರಿಗೂ ಬಿಡಿ ಅಂತ ಹೇಳುತ್ತಲೇ ಬಂದಿದ್ದೇನೆ. ಗುಟ್ಕಾ 2013ರಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧ ಆಯಿತು. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಒಂದೇ ದಾರದಲ್ಲಿ ನೇತಾಡುತ್ತವೆ.

ಮಗಳು: ಅಡಿಕೆ?

ದೊಡ್ಡಪ್ಪ: ಅಡಿಕೆಯ ವಿಷಯ ಬೇರೆ.

ಮಗಳು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೆದಿದೆ ದೊಡ್ಡಪ್ಪ, ತಂಬಾಕು ಇಲ್ಲದೆಯೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ. ಒಂದೂವರೆ ಬೆರಳಿನ ಬಾಯಿಗಳಿಗೆ ಕಾರಣ ಅಡಿಕೆ ಅಂತ ಈಗ ತಾನೇ ನೀವೇ ಹೇಳಿದಿರಿ.

ದೊಡ್ಡಪ್ಪ: ದಿನಕ್ಕೆ ಎರಡು ಕವಳ ಹಾಕುವ ಮುದುಕನಿಗೂ ಇಪ್ಪತ್ತು ಪೊಟ್ಟಣ ಜಗಿಯುವ ಹುಡುಗನಿಗೂ ವ್ಯತ್ಯಾಸ ಇದೆ. ಪ್ರಮಾಣ ನೋಡಬೇಕು. ಎಷ್ಟು ಹೊತ್ತು ಬಾಯಲ್ಲಿ ಇರುತ್ತದೆ, ನೋಡಬೇಕು. ಜತೆಗೆ ಏನು ಸೇರಿದೆ, ನೋಡಬೇಕು.

ಮಗಳು: ನೋಡಬೇಕು, ಸರಿ. ಆದರೆ ಬೆಳೆಗಾರರ ಸಭೆಯಲ್ಲಿ ಇಷ್ಟನ್ನಾದರೂ ಹೇಳಿದ್ದೀರಾ?

ದೊಡ್ಡಪ್ಪ: ನಿನ್ನ ಎಂಜಿನಿಯರಿಂಗ್ ಫೀಸು ಎಲ್ಲಿಂದ ಬಂತು ಕೂಸೇ?

ಮಗಳು: ಅಡಿಕೆಯಿಂದಲೇ. ನಿಮ್ಮ ಎಂಬಿಬಿಎಸ್ಸೂ ಅದರಿಂದಲೇ. ಅದಕ್ಕೇ ನಾವಿಬ್ಬರೂ ಬೆಳಕಿನ ಬಗ್ಗೆ ಮಾತಾಡುತ್ತಿದ್ದೇವೆ, ಅಡಿಕೆಯ ಬಗ್ಗೆ ಅಲ್ಲ.

(ಒಳಗಿನಿಂದ ಚಹಾ ಬಂತು. ಕುಡಿದು ಮುಗಿಸುವವರೆಗೆ ಮಾತು ಮಳೆ, ದರ, ಕೊಳೆರೋಗದ ಕಡೆ ಹೋಯಿತು. ಶಿಬಿರಕ್ಕೆ ಮತ್ತೆ ಎಳೆದು ತಂದವರು ದೊಡ್ಡಪ್ಪನೇ.)

ದೊಡ್ಡಪ್ಪ: ಶಿಬಿರ ಮಾಡು. ನಾನು ಬರುತ್ತೇನೆ. ಆದರೆ ಎರಡು ಷರತ್ತು. ಮೊದಲು ನಾನು ಟಾರ್ಚಿನಲ್ಲಿ ನೋಡಿ ಬರೆಯುತ್ತೇನೆ. ಆಮೇಲೆ ನೀನು ನೀಲಿಯಲ್ಲಿ ನೋಡಬೇಕು, ನಾನು ಏನು ಬರೆದೆ ಅಂತ ಗೊತ್ತಿಲ್ಲದೆ. ರಿಜಿಸ್ಟರಿನಲ್ಲಿ ಎರಡು ಕಾಲಂ. ಮೂರನೆಯದು ಬಯಾಪ್ಸಿಯ ಫಲಿತಾಂಶ.

ಮಗಳು: ನಿಮಗೆ ಕಾಣದ್ದು ನೀಲಿಗೆ ಕಂಡರೆ ಅದನ್ನೂ ಬಯಾಪ್ಸಿಗೆ ಕಳಿಸಬೇಕು. ನಿಮಗೆ ಮನಸ್ಸಿಲ್ಲದಿದ್ದರೂ.

ದೊಡ್ಡಪ್ಪ: ಕಳಿಸುತ್ತೇನೆ. ನನಗೆ ಕಂಡು ನೀಲಿಗೆ ಕಾಣದಿದ್ದರೆ ಅದನ್ನೂ.

ಮಗಳು: ಎರಡನೇ ಷರತ್ತು?

ದೊಡ್ಡಪ್ಪ: ನಾಲ್ಕನೇ ಕಾಲಂ. ಹೋಗಿ ಅಂದವರು ಹೋದರೋ ಇಲ್ಲವೋ. ಹೋಗದವರ ಮನೆಗೆ ಯಾರು ಹೋಗುತ್ತಾರೆ, ಬಸ್ ಚಾರ್ಜು ಯಾರು ಕೊಡುತ್ತಾರೆ, ಆ ದಿನದ ಕೂಲಿ ಯಾರು ಕೊಡುತ್ತಾರೆ. ಇದನ್ನು ಶಿಬಿರಕ್ಕೆ ಮೊದಲೇ ಬರೆದು ತಾ. ಇಲ್ಲದಿದ್ದರೆ ನಾನು ಬರುವುದಿಲ್ಲ.

ಮಗಳು: ನಮ್ಮ ಪ್ರಾಜೆಕ್ಟಿನ ಬಜೆಟ್ಟಿನಲ್ಲಿ ಉಪಕರಣಕ್ಕೆ ದುಡ್ಡಿದೆ. ಬಸ್ ಚಾರ್ಜಿಗೆ ಅಂತ ಬಾಬ್ತೇ ಇಲ್ಲ.

ದೊಡ್ಡಪ್ಪ: ಗೊತ್ತಿದ್ದೇ ಕೇಳಿದೆ.

ಮಗಳು: ಬೆಳೆಗಾರರ ಸಂಘದಿಂದ ಕೇಳಬಹುದು.

ದೊಡ್ಡಪ್ಪ: ಯಾವ ಕಾರಣ ಹೇಳಿ ಕೇಳುತ್ತೀ?

ಮಗಳು: ಅದನ್ನು ನೀವು ಹೇಳಬೇಕು ದೊಡ್ಡಪ್ಪ. ಸಭೆಯಲ್ಲಿ.